ಸಿಹಿತಿಂಡಿ ಮೇಜಿನ ಹಿಂದಿನ ಬಾಗಿಲು

ಮಾನ್ಯ ಅಧ್ಯಕ್ಷರೇ, ಕೊಡುವ ಮನಸ್ಸಿನಿಂದ ಬಂದಿರುವ ದಾನಿಗಳೇ, ಊಟ ಯಾವಾಗ ಎಂದು ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ, ಎಲ್ಲರಿಗೂ ವಂದನೆ.

ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತೊಂದು ವರ್ಷ ದುಡಿದು, ನಿವೃತ್ತನಾದ ಮೇಲೆ ಠಾಣೆಯ ಯುವದಳದ ಮಕ್ಕಳಿಗೆ ತರಬೇತಿ ಕೊಡುತ್ತಿರುವವನು ನಾನು. ಆ ದಳದ ಸಹಾಯಕ್ಕಾಗಿಯೇ ಇವತ್ತಿನ ಔತಣ. ಮಕ್ಕಳ ಧೈರ್ಯದ ಬಗ್ಗೆ ಐದು ನಿಮಿಷ ಮಾತಾಡಿ, ಸಿಟ್ಟಾಗಬೇಡಿ ಎಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ಮನೆಯಿಂದ ಹೊರಡುವಾಗ ನನ್ನ ಹೆಂಡತಿಯೂ ಅದನ್ನೇ ಹೇಳಿದಳು. "ನಿಮಗೆ ಮೂಗಿನ ತುದೀಲೇ ಕೋಪ. ಮೊದಲು ಊಟ ಮಾಡಿ, ಆಮೇಲೆ ಭಾಷಣ ಮಾಡಿ." ಆದರೆ ಕಾರ್ಯಕ್ರಮದ ಪಟ್ಟಿಯಲ್ಲಿ ಭಾಷಣವೇ ಮೊದಲು. ತಪ್ಪು ನನ್ನದಲ್ಲ.

ಮಹನೀಯರೇ, ಮಕ್ಕಳಿಗೆ ನನ್ನ ಮೊದಲ ಪಾಠ ಯಾವುದು ಗೊತ್ತೇ? ಏಣಿಯಲ್ಲ, ನೀರಿನ ಪೈಪಲ್ಲ. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಹೊರಗೆ ಹೋಗುವ ದಾರಿ ಹುಡುಕು. ಸಿನಿಮಾ ಮಂದಿರವಿರಲಿ, ಆಸ್ಪತ್ರೆಯಿರಲಿ, ಹುಡುಕು. ಅತ್ತೆಮನೆಯಲ್ಲಂತೂ ಖಂಡಿತ ಹುಡುಕು.

ಇವತ್ತು ಸಂಜೆ ನಮ್ಮ ದಳದ ಹದಿನಾರು ವರ್ಷದ ಹುಡುಗಿಯೊಬ್ಬಳು ಈ ಸಭಾಂಗಣಕ್ಕೆ ಬಂದವಳೇ ಆ ಪಾಠ ಒಪ್ಪಿಸಿದಳು. ದಯವಿಟ್ಟು ನಿಮ್ಮ ಎಡಕ್ಕೆ ನೋಡಿ. ಸಿಹಿತಿಂಡಿಗಳ ಉದ್ದನೆಯ ಮೇಜು ಕಾಣುತ್ತಿದೆಯಲ್ಲ? ಅದರ ಹಿಂದೆ ಪರದೆ. ಪರದೆಯ ಹಿಂದೆ ತುರ್ತು ಬಾಗಿಲು. ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ! ಯಾಕೆ? ಪಾಸ್ ಇಲ್ಲದವರು ಹಿಂದಿನಿಂದ ನುಗ್ಗಿ ಉಂಡು ಹೋಗುತ್ತಾರಂತೆ. ನಾಲ್ಕು ತಟ್ಟೆ ಊಟ ಉಳಿಸಲು ಮುನ್ನೂರು ಜನರನ್ನು ಕೂಡಿಹಾಕುವುದು ಯಾವ ನ್ಯಾಯ ಸ್ವಾಮಿ? ಅದೂ ಬೆಂಕಿ ಆರಿಸುವವರ ಔತಣದಲ್ಲಿ!

ಹುಡುಗಿ ಸಭಾಂಗಣದ ಮ್ಯಾನೇಜರ್ ಬಳಿ ಹೋಗಿ ಬೀಗ ತೆಗೆಸಿ ಎಂದಳು. "ಹೋಗಮ್ಮ, ದೊಡ್ಡವರ ಕೆಲಸದಲ್ಲಿ ಮೂಗು ತೂರಿಸಬೇಡ" ಎಂದರು. ಅವಳು ತಾನೇ ಮೇಜು ಸರಿಸತೊಡಗಿದಳು. ತಟ್ಟೆಗಳು ಬಿದ್ದವು. ದಾನಿಗಳು ತಿರುಗಿ ನೋಡಿದರು. ಕೂಡಲೇ ಅವಳ ದಳದ ಬ್ಯಾಡ್ಜ್ ಬಿಚ್ಚಿಸಿ, ನಾಳೆಯಿಂದ ತರಬೇತಿಗೆ ಬರಬೇಡ ಎಂದು ಹೇಳಿ ಹೊರಗೆ ಕಳಿಸಲಾಯಿತು.

ಕಳಿಸಲಾಯಿತು! ಎಂಥ ಅನುಕೂಲದ ಮಾತು ನೋಡಿ. ಯಾರು ಕಳಿಸಿದರು ಎಂದು ಯಾರೂ ಕೇಳುವಂತಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಒಂದು ಹೊಲಿಗೆ ಕಾರ್ಖಾನೆಯ ತಪಾಸಣೆಗೆ ಹೋಗಿದ್ದೆ. ಹಿಂಬಾಗಿಲಿಗೆ ಬಟ್ಟೆಯ ಮೂಟೆಗಳು ಅಡ್ಡ. ಮಾಲೀಕರು ಒಳ್ಳೆಯವರು. "ಇವತ್ತೊಂದು ದಿನ ಬಿಡಿ ಸಾರ್, ನಾಳೆ ತೆಗೆಸ್ತೀನಿ" ಎಂದರು. ನಾನೂ ಒಳ್ಳೆಯವನೇ, ಸಹಿ ಹಾಕಿ ಬಂದೆ. ಅದೇ ವಾರ ಬೆಂಕಿ ಬಿತ್ತು. ಅಂಗಿಗೆ ಗುಂಡಿ ಹೊಲಿಯುವ ಹುಡುಗಿಯೊಬ್ಬಳು ಆ ಮೂಟೆಗಳ ಪಕ್ಕದಲ್ಲಿ ಸಿಕ್ಕಿದಳು, ಉಸಿರಿರಲಿಲ್ಲ. ಹೊತ್ತು ತಂದವನು ನಾನೇ. ಅವಳ ಅಮ್ಮ ನನ್ನ ಕೈ ಹಿಡಿದು, "ನಿನ್ನ ಕೈಲಾದದ್ದು ಮಾಡಿದೆಯಪ್ಪಾ" ಎಂದಳು. ಆ ಮಾತನ್ನು ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಈಗ ಅವಳಿಗೂ ಗೊತ್ತಾಯಿತು.

ನನ್ನ ಸಿಟ್ಟು ಯಾರ ಮೇಲೆ? ಮ್ಯಾನೇಜರ್ ಮೇಲೆಯೇ? ಇದೆ. ಸುಮ್ಮನೆ ನಿಂತು ನೋಡಿದ ಕಾರ್ಯದರ್ಶಿಗಳ ಮೇಲೆಯೇ? ಅದೂ ಇದೆ. ಆದರೆ ಬ್ಯಾಡ್ಜ್ ಬಿಚ್ಚಿಸಿದವರು ಅವರಲ್ಲ. ನಾನು. "ಇವತ್ತೊಂದು ದಿನ ಬಿಡು ಮಗಳೇ, ದೊಡ್ಡವರೆಲ್ಲ ಬಂದಿದ್ದಾರೆ" ಎಂದೆ. "ಸಾರ್, ನೀವೇ ಅಲ್ವಾ ಹೇಳಿಕೊಟ್ಟಿದ್ದು?" ಎಂದಳು. ನನಗೆ ರೇಗಿತು. ಬ್ಯಾಡ್ಜ್ ಬಿಚ್ಚು, ನಾಳೆಯಿಂದ ಬರಬೇಡ ಎಂದೆ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ!

ಅವಳು ಹೊರಗಿನ ಮೆಟ್ಟಿಲ ಮೇಲೆ ಕೂತು, ಕರೆದೊಯ್ಯಲು ಬರುವ ಅಪ್ಪನಿಗಾಗಿ ಕಾಯುತ್ತಿದ್ದಾಳೆ. ಮ್ಯಾನೇಜರೇ, ಬೀಗದ ಕೈ ತನ್ನಿ. ಸಭಿಕರೇ, ಒಬ್ಬೊಬ್ಬರು ಒಂದೊಂದು ತಟ್ಟೆ ಎತ್ತಿ ಆ ಮೇಜು ಖಾಲಿ ಮಾಡಿಕೊಡಿ. ನಾನು ಆ ಬಾಗಿಲಿನಿಂದಲೇ ಹೋಗಿ ಅವಳ ಕ್ಷಮೆ ಕೇಳುತ್ತೇನೆ. ಅವಳು ಒಪ್ಪಿದರೆ ಸರಿ. ಒಪ್ಪದಿದ್ದರೆ, ನಾಳೆಯಿಂದ ತರಬೇತಿಗೆ ಬರಬಾರದವನು ನಾನು.

ಹಸಿದ ಹೊಟ್ಟೆಯಲ್ಲೂ ಇಷ್ಟು ಕೇಳಿಸಿಕೊಂಡಿರಿ, ದೊಡ್ಡ ಉಪಕಾರ. ನಮಸ್ಕಾರ.