ಗೇಟಿಗೆ ಹೊರಟ ಕುರ್ಚಿ

ಎಂಬತ್ತನಾಲ್ಕರ ಒಂದು ಬೆಳಿಗ್ಗೆ, ಬೊಮ್ಮಸಂದ್ರದ ಬಸ್ ಸ್ಟಾಪು. ಖಾಕಿ ತೊಟ್ಟ ವಾಚ್‌ಮನ್ ಒಬ್ಬರು ಮರದ ಕುರ್ಚಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ನಿಂತಿದ್ದರು. ಅವರೂರಿನ ಹಳೆಯ ಮೇಷ್ಟ್ರು ಕೊಡೆ ಊರಿಕೊಂಡು ಬಂದು ವಿಚಾರಿಸಿದರು.

“ಏನೋ ನಲ್ಲಪ್ಪ, ಕುರ್ಚಿ ಹೊತ್ಕೊಂಡು ಎಲ್ಲಿಗೆ?”

“ಫ್ಯಾಕ್ಟ್ರಿ ಗೇಟಿಗೆ ಮೇಷ್ಟ್ರೇ. ವಾಚ್‌ಮನ್‌ಗೆ ಕುರ್ಚಿ ಕೊಡೋ ಪದ್ಧತಿ ಇಲ್ವಂತೆ. ಅದ್ಕೇ ನಂದೇ ತಗಂಡೋಯ್ತಾ ಇವ್ನಿ.”

“ಕುರ್ಚಿ ಅನ್ನೋದು ಅರಬ್ಬೀ ಮಾತು ಕಣೋ. ಪಾರ್ಸಿ ದಾಟಿ ನಮ್ಮ ಕಡೆಗೆ ಬಂತು. ಅಲ್ಲಿ ರಾಜರ ಸಿಂಹಾಸನಕ್ಕೂ ಅದೇ ಹೆಸರು.”

“ಅಂಗನ್ನಿ. ಅದ್ಕೇ ನಮ್ಮಜ್ಜಿ ಬಾಯಲ್ಲಿ ಆ ಮಾತೇ ಬರ್ತಿರ್ಲಿಲ್ಲ. ಮನೇಲಿ ಇದ್ದಿದ್ದು ಮಣೆ, ಚಾಪೆ ಅಷ್ಟೇಯ. ನಮ್ಮಪ್ಪ ಪಟೇಲ್ರ ಮುಂದೆ ನಿಂತೇ ಇರ್ತಿದ್ದ.”

“ಗೇಟಲ್ಲಿ ಬೇಡ ಅಂದ್ರೆ ಏನ್ಮಾಡ್ತೀಯ?”

“ಅರಬ್ಬೀ ದೇಶದಿಂದ ಇಲ್ಲಿಗಂಟ ಬಂದೈತೆ. ಇನ್ನು ನಾಕು ಮೈಲಿ ಯಾವ ಲೆಕ್ಕ ಮೇಷ್ಟ್ರೇ.”

ಬಸ್ಸು ಬಂತು. ಮೇಷ್ಟ್ರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕುರ್ಚಿಯ ಎರಡು ಕಾಲು ಹಿಡಿದು ಎತ್ತಿದರು. ಫುಟ್‌ಬೋರ್ಡಿನ ಮೇಲಿದ್ದ ಕಂಡಕ್ಟರ್ ತಡೆದ.

“ಯಾರ್ದು ಇದು?”

“ನಲ್ಲಪ್ಪನವರದು,” ಎಂದರು ಮೇಷ್ಟ್ರು.