ಹೂಕುಂಡದ ಹಿಂದಿನ ಸದ್ದು

ಬೇಸಿಗೆ ಮುಗಿಯುತ್ತ ಬಂದ ಒಂದು ಸಂಜೆ. ಕಿವಿ ಡಾಕ್ಟರ ಹೊರಕೋಣೆಯಲ್ಲಿ ಸರದಿ ಕಾಯುತ್ತಿದ್ದ ಬಡಗಿಗೆ ಗರಗಸದ ಸದ್ದಿನಿಂದ ಎಡಗಿವಿ ಮಂದವಾಗಿತ್ತು. ಪಕ್ಕದ ಬೆಂಚಿನ ತಾಯಿ ಮಗನ ಜಗಳ ಅವನ ಬಲಗಿವಿಗೆ ಬಿತ್ತು.

“ದಿನಾ ಸಂಜೆ ಸದ್ದು ಕೇಳುತ್ತೆ ಅಂತೀಯಲ್ಲಮ್ಮ, ಅದು ನಿನ್ನ ಕಿವಿಯೊಳಗೇ ಗುಂಯ್‌ಗುಡ್ತಿರೋದು.”

“ಗುಂಯ್ ಅಲ್ವೋ. ಎಡೆಬಿಡದೆ ಜೀರ್ ಅನ್ನೋದು ಜೀರುಂಡೆ. ಬಿಟ್ಟುಬಿಟ್ಟು ಟಕ್ ಟಕ್ ಅನ್ನೋದು ಕಪ್ಪೆ.”

“ಮನೇಲಿ ಬೇರೆ ಯಾರಿಗೂ ಕೇಳ್ಸಲ್ವಲ್ಲ?”

“ಅದು ನಿಮ್ಮ ಹಣೆಬರಹ. ಮೂವತ್ತು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿದ ಕಿವಿ ಕಣೋ ಇದು. ಬಿಚ್ಚೋ ಮೊದಲೇ ಯಾವ ಸ್ಕ್ರೂ ಸಡಿಲ ಅಂತ ಹೇಳ್ತಿದ್ದೆ.”

“ಹಠ ಬಿಡಮ್ಮ, ಡಾಕ್ಟರ್ ಹೇಳ್ಲಿ.”

“ಡಾಕ್ಟರ್ ಏನು ಹೇಳೋದು? ಈಗ್ಲೂ ಕೂಗ್ತಿದೆ, ಆ ಹೂಕುಂಡದ ಹಿಂದೆ. ಕಪ್ಪೆ.”

“ಇಲ್ಲೂ ಶುರುವಾಯ್ತಾ!”

ಬಡಗಿಗೆ ತಡೆಯಲಾಗಲಿಲ್ಲ, ಎದ್ದು ಕುಂಡ ಸರಿಸಿದ. ಹೆಬ್ಬೆರಳಿನಷ್ಟು ಕಪ್ಪೆಯೊಂದು ಮಗನ ಚಪ್ಪಲಿಯ ಮೇಲೆ ಕುಪ್ಪಳಿಸಿತು.

ಅಷ್ಟರಲ್ಲಿ ನರ್ಸ್ ತಾಯಿಯ ಹೆಸರು ಕೂಗಿದಳು. ತಾಯಿ ಮಗನ ರಟ್ಟೆ ಹಿಡಿದೆಬ್ಬಿಸಿ ಒಳಗೆ ದಬ್ಬಿಕೊಂಡೇ ಹೋದಳು.

“ಚೀಟೀಲಿ ಹೆಸರು ತಿದ್ದಿ ಸಿಸ್ಟರ್. ಕಿವಿ ಕೆಟ್ಟಿರೋದು ಇವನದು.”