ಹನ್ನೊಂದು ಜನಕ್ಕೆ ಒಂದೇ ಸೂಜಿ

“ಹಲೋ... ಯಾರು ಮಾತಾಡ್ತಿರೋದು? ... ಹಾಂ, ಆಸ್ಪತ್ರೆಯಿಂದಾನಾ? ಹೇಳಿ ಮೇಡಂ. ಹಚ್ಚೆ ಹಾಕಿಸ್ಕೊಳ್ಳೋ ಆಸೆ ಡಾಕ್ಟರಿಗೂ ಬಂತಾ? ನನ್ನ ಹತ್ರ ಚಿಟ್ಟೆ ಹಾಕಿಸ್ಕೊಂಡೋರು ಕಿಟಕಿ ಮುಚ್ಕೊಂಡೇ ಮಲಗ್ತಾರೆ, ಎಲ್ಲಿ ಹಾರಿಹೋಗುತ್ತೋ ಅಂತ.”

ಹಚ್ಚೆ ಅಂಗಡಿಯ ಯಜಮಾನ ತಿರುಗುಕುರ್ಚಿಗೆ ಒರಗಿ ಕಾಲೆತ್ತಿ ಮೇಜಿನ ಮೇಲಿಟ್ಟ. ಗೋಡೆಬದಿಯ ಬೆಂಚಿನಲ್ಲಿ ಅವನ ಮಗಳು ಮುಸುಕೆಳೆದು ಮಲಗಿದ್ದಳು.

“... ಗೋಲ್‌ಕೀಪರ್ರಾ? ನಮ್ಮ ‘ಗೋಡೆ’ನಾ? ಗೊತ್ತಿಲ್ದೆ ಏನು. ಅವನ ತೋಳಿನ ಹುಲಿ ನಂದೇ. ಅದು ಗುರ್ ಅಂದಿದ್ದಕ್ಕೇ ಎದುರು ತಂಡ ಚೆಂಡು ಬಿಟ್ಟು ಓಡಿದ್ದು. ... ಅಡ್ಮಿಟ್ಟಾ? ಕಾಮಾಲೆನಾ? ಅಯ್ಯೋ, ಹೊಸದಾಗಿ ಮದುವೆ ಬೇರೆ ಆಗಿದಾನೆ.”

“... ಹಾಂ, ತಂಡದ ಹನ್ನೊಂದು ಜನಕ್ಕೂ ನಾನೇ ಹಾಕಿದ್ದು, ಮೂರು ತಿಂಗಳ ಹಿಂದೆ. ಒಂದೇ ಸೂಜಿ. ... ಹೂಂ ಮೇಡಂ, ಒಂದೇ. ಬೇರೆಯವರಿಗೆಲ್ಲ ಕಣ್ಮುಂದೇನೇ ಹೊಸ ಪ್ಯಾಕೆಟ್ ಒಡೀತೀನಿ. ಇವರೇ ಹಠ ಹಿಡಿದ್ರು, ಒಂದೇ ಸೂಜಿ ಚುಚ್ಚಿಸ್ಕೊಂಡ್ರೆ ಅಣ್ಣತಮ್ಮಂದಿರಾದ ಹಾಗೆ ಅಂತ. ಮಾರನೇ ದಿನಾನೇ ಕಪ್ ಗೆದ್ರಲ್ಲ. ಸೂಜಿಗೆ ಕಾಲಿಲ್ಲ, ಕಾಲ್ಗುಣ ಮಾತ್ರ ಭರ್ಜರಿ.”

“... ಆಮೇಲೆ ಅದನ್ನ ಯಾರಿಗೆ ಬಳಸಿದೆ ಅಂತಾನಾ? ಅರ್ಧ ಊರೇ ಕ್ಯೂ ನಿಂತಿತ್ತು ಮೇಡಂ. ... ಯಾಕೆ, ಏನಾಯ್ತು?”

“... ರಕ್ತದಲ್ಲಾ? ... ಹೆಪಟೈಟಿಸ್ ಬಿ. ... ತಂಡದಲ್ಲಿ ಇನ್ನೊಬ್ಬನಿಗೆ ಮೊದಲೇ ಇತ್ತಾ? ಅವನಿಗೇ ಗೊತ್ತಿರಲಿಲ್ವಾ? ... ನಾನು ಒಬ್ಬೊಬ್ಬರಾದ ಮೇಲೂ ಸೂಜೀನ ಸ್ಪಿರಿಟಲ್ಲಿ ಒರೆಸಿದೀನಲ್ಲ. ಸಾಯಲ್ವಾ ಅದು? ... ಗೋಡೆ ಹೆಂಡ್ತಿಗೂ ಬರಬಹುದಾ? ಗಂಡ ಹೆಂಡ್ತಿ ಕೂಡಿದ್ರೂ ಸಾಕಾ?”

ಅವನು ಕಾಲನ್ನು ಮೆಲ್ಲಗೆ ಕೆಳಗಿಳಿಸಿದ.

“... ಇಲ್ಲ ಮೇಡಂ, ಅರ್ಧ ಊರಲ್ಲ. ಸುಮ್ನೆ ಬಾಯಿಗೆ ಬಂದದ್ದು. ... ಅಯ್ಯೋ, ಕಾಲು ಊರೂ ಅಲ್ಲ, ಯಾರೂ ಕ್ಯೂ ನಿಂತಿರಲಿಲ್ಲ. ... ಹನ್ನೊಂದೇ ಜನ. ... ಖಂಡಿತಾನಾ ಅಂದ್ರೆ...”

“... ಹನ್ನೆರಡು.”

“... ನನ್ನ ಮಗಳು. ಕಪ್ ಗೆದ್ದ ಸಂಜೆ. ಓಟದ ಪಂದ್ಯ ಇತ್ತು ಅವಳಿಗೆ. ಅಪ್ಪಾ, ಆ ಅದೃಷ್ಟದ ಸೂಜೀಲೇ ನಂಗೂ ಒಂದು ನಕ್ಷತ್ರ ಹಾಕು ಅಂದ್ಲು. ಕಾಲಿಗೆ, ಚಿಕ್ಕದು. ಉದ್ದಿನಕಾಳಿನಷ್ಟೂ ಇಲ್ಲ. ... ಚಿಕ್ಕದಾದ್ರೂ ಅಷ್ಟೇನಾ?”

“... ಲಸಿಕೆ... ಅವಳಮ್ಮ ಹಾಕಿಸೋಣ ಅಂದಿದ್ಲು. ನನ್ನ ಮಗಳ ಮೈಯಲ್ಲಿ ಹರಿಯೋದು ನನ್ನ ರಕ್ತ, ಕಾದ ಕಬ್ಬಿಣ ಅದು, ಯಾವ ಹುಳಾನೂ ಹತ್ರ ಸುಳಿಯಲ್ಲ ಅಂದ್ಬಿಟ್ಟೆ. ... ಹೂಂ. ಹಾಕಿಸಿಲ್ಲ.”

“... ಸುಸ್ತಾ? ಇದೆ. ಒಂದು ವಾರದಿಂದ ಊಟ ಸೇರ್ತಿಲ್ಲ. ಓಡೋಕೂ ಹೋಗ್ತಿಲ್ಲ. ಮೈಗಳ್ಳಿ ಅಂತ ಬೆಳಿಗ್ಗೇನೂ ಬೈದೆ. ... ಕಣ್ಣಾ? ಹಳದಿಯಾಗಿದ್ಯಾ ಅಂತಾನಾ? ನೋಡಿಲ್ವಲ್ಲ. ... ಇರಿ ಮೇಡಂ, ಲೈನಲ್ಲೇ ಇರಿ.”

“... ಪುಟ್ಟಿ, ಏಳಮ್ಮಾ. ಬಾಗಿಲ ಹತ್ರ ಬಾ, ಬೆಳಕಿಗೆ. ... ಬೈಯಲ್ಲ ಕಣೇ. ಕಣ್ಣು ತೋರಿಸು ಸಾಕು. ... ಇನ್ನೂ ಅಗಲಕ್ಕೆ ತೆಗಿ.”

“... ಮೇಡಂ. ಈ ಬಿಸಿಲಿಗೆ ಯಾರ ಕಣ್ಣಾದ್ರೂ ಸ್ವಲ್ಪ ಹಾಗೇ ಕಾಣುತ್ತೆ, ಅಲ್ವಾ? ... ಮೇಡಂ, ಅಲ್ವಾ? ... ಹಲೋ? ... ಹಲೋ, ಕೇಳಿಸ್ತಿದ್ಯಾ? ... ಅಲ್ವಾ ಅಂ—”